ಮೇಲ್‌ನಲ್ಲಿ ಕಾಣದ ಮುಖ

"ಎಲ್ಲವ್ವಾ ನಿಮ್ಮಪ್ಪನ ಮಕ?" ಮಗಳ ಮೊಬೈಲನ್ನು ಮೂಗಿನ ಹತ್ತಿರ ಹಿಡಿದುಕೊಂಡು ಮರಿತಾಯಮ್ಮ ಕೇಳಿದಳು. "ಬರೀ ಗೆರೆ ಎಳ್ದ್‌ಬುಟ್ಟವ್ರಲ್ಲ!"

ನಾಗಶ್ರೀ ಇನ್ನೊಮ್ಮೆ ಬೆರಳಾಡಿಸಿ ನೋಡಿದಳು. ಮೇಲೆ 'ಭಾವಪೂರ್ಣ ಶ್ರದ್ಧಾಂಜಲಿ'. ಕೆಳಗೆ 'ಎಂ. ಸಿ. ಮಹದೇವಯ್ಯ, ಸಾರಿಗೆ ವಿಭಾಗ', ಭಾನುವಾರ ಮಳವಳ್ಳಿಯ ಮನೆಯಲ್ಲಿ ತಿಥಿ ಎಂಬ ಒಕ್ಕಣೆ. ನಡುವೆ ಅಪ್ಪ ಇರಬೇಕಾದ ಕಡೆ ಬಿಳಿಯ ಚೌಕ, ಅದರ ಮೂಲೆಯಲ್ಲಿ ಹರಿದ ಕಾಗದದಂಥ ಒಂದು ಪುಟ್ಟ ಗುರುತು.

ಮಹದೇವಯ್ಯ ಮಳವಳ್ಳಿಯಿಂದ ಗೆಜ್ಜಲಗೆರೆಯ ಈ ಕಾರ್ಖಾನೆಗೆ ಬರುವ ಕಂಪನಿ ಬಸ್ಸಿನ ಡ್ರೈವರು. ತಿಂಗಳುಗಟ್ಟಲೆ ಹಾಸಿಗೆ ಹಿಡಿದು ಹೋದ ವಾರ ತೀರಿಕೊಂಡ. ಅವತ್ತೇ ಆಫೀಸಿನಿಂದ ಎಲ್ಲರಿಗೂ, ಜೊತೆಗೆ ನಾಗಶ್ರೀಗೂ, ಮೇಲ್ ಹೋಯಿತು. ಮನೆಗೆ ಮಾತ್ರ ಒಂದು ನರಪಿಳ್ಳೆಯೂ ಬರಲಿಲ್ಲ. ಗಂಡ ಸತ್ತದ್ದಕ್ಕಿಂತ ಇದು ಮರಿತಾಯಮ್ಮನನ್ನು ಹೆಚ್ಚು ಸುಡುತ್ತಿತ್ತು. ಬಸ್ಸಿನಲ್ಲಿ ಬರುವವರ ವಿಷಯವನ್ನು ಅವನು ಮನೆಯವರ ವಿಷಯದಂತೆ ಊಟಕ್ಕೆ ಕೂತಾಗಲೆಲ್ಲ ಹೇಳುತ್ತಿದ್ದ. ಕೊನೆಗೆ ತಡೆಯಲಾರದೆ, ಕೇಳಿಯೇಬಿಡುತ್ತೇನೆಂದು ಮಗಳನ್ನು ಹೊರಡಿಸಿಕೊಂಡು ಕಾರ್ಖಾನೆಯ ಆಫೀಸಿಗೆ ಬಂದಿದ್ದಳು.

ಮೇಲ್ ಕಳಿಸಿದ ಗುಮಾಸ್ತ ಜಯಪ್ರಕಾಶ್ ಮದ್ದೂರಿನವನು, ಬೈಕಿನಲ್ಲಿ ಬಂದು ಹೋಗುವವನು. ಅವನು ತನ್ನ ಕಂಪ್ಯೂಟರನ್ನು ಇವರ ಕಡೆ ತಿರುಗಿಸಿದ.

"ಇಲ್ನೋಡಿ, ಎಷ್ಟ್ ಚೆನ್ನಾಗ್ ಕಾಣ್ತಾ ಅವ್ರೆ!"

ನಿಜ. ಖಾಕಿ ಅಂಗಿ, ಬಲಕ್ಕೆ ತುಸು ವಾಲಿದ ಮೀಸೆ, ಮಹದೇವಯ್ಯ ಅಲ್ಲಿ ಸಾಕ್ಷಾತ್ ಕೂತಿದ್ದ. ನಾಗಶ್ರೀ ಮೊಬೈಲು ನೋಡಿದಳು, ಖಾಲಿ. ಕಂಪ್ಯೂಟರು ನೋಡಿದಳು, ಅಪ್ಪ. ಒಂದೇ ಮೇಲ್ ಅಲ್ಲವೇ?

"ನಿಮ್ ಫೋನೇ ಸರಿಯಿಲ್ಲ ಕಣಮ್ಮ," ಎಂದ ಜಯಪ್ರಕಾಶ್. "ಎಷ್ಟೊಂದ್ ಜನ 'ಓಂ ಶಾಂತಿ' ಅಂತ ಉತ್ತರ ಕೊಟ್ಟವ್ರೆ. ಕಾಣ್ದೆ ಕೊಡ್ತಾರಾ?"

"ಓಂ ಸಾಂತಿ ಅಂದೋರು ಬಾಕ್ಲಿಗ್ಯಾಕ್ ಬರ್ನಿಲ್ಲ?" ಎಂದಳು ಮರಿತಾಯಮ್ಮ.

ಜಯಪ್ರಕಾಶ್ ಅನುಮಾನದಿಂದ ತನ್ನ ಮೊಬೈಲನ್ನೇ ತೆರೆದ. ಅಲ್ಲೂ ಬಿಳಿ ಚೌಕ. ತಲೆ ಕೆರೆದುಕೊಂಡು, ಮಂಡ್ಯದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಗೆಳೆಯ ಯತೀಶನಿಗೆ ಫೋನು ಹಚ್ಚಿದ. ಯತೀಶನ ಗಂಟಲು ಸ್ಪೀಕರಿನ ಹಂಗಿಲ್ಲದೆ ಎಲ್ಲರಿಗೂ ಕೇಳಿಸಿತು.

"ಲೇ, ಫೋಟೊ ನಿನ್ ಕಂಪ್ಯೂಟರ್‌ನಲ್ಲೇ ಅದೆ ಕಣ್ಲಾ. ಮೇಲಲ್ಲಿ ಅದ್ರ ಅಡ್ರೆಸ್ ಮಾತ್ರ ಓಗ್ಯದೆ. ಅಡ್ರೆಸ್ ಕೊಟ್ಟು ಮನೆಗ್ ಬೀಗ ಆಕ್ಕಂಡ್ರೆ ಯಾರ್ಲಾ ಒಳೀಕ್ ಬತ್ತಾರೆ? ಫೋಟೊನೇ ಒಳೀಕ್ ಸೇರ್ಸಿ ಕಳ್ಸು."

ಜಯಪ್ರಕಾಶನಿಗೆ ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಯತೀಶ ಹೇಳಿದ್ದನ್ನೆಲ್ಲ ಒತ್ತಿದ. ಒಮ್ಮೆ ಮಹದೇವಯ್ಯ ಪರದೆ ತುಂಬುವಷ್ಟು ದೊಡ್ಡವನಾದ, ಇನ್ನೊಮ್ಮೆ ಅಡ್ಡ ಮಲಗಿಬಿಟ್ಟ. ಮರಿತಾಯಮ್ಮ ಮುಖ ಆ ಕಡೆ ತಿರುಗಿಸಿದಳು. ಅಂತೂ ನೆಟ್ಟಗೆ ನಿಲ್ಲಿಸಿ ಎಲ್ಲರಿಗೂ ಮತ್ತೊಮ್ಮೆ ಕಳಿಸಿದ. ನಾಗಶ್ರೀಯ ಕೈಯಲ್ಲಿ ಮೊಬೈಲು ಟಿಣ್ ಎಂದಿತು. ಅಪ್ಪ ಬಂದಿದ್ದ. ಅವಳಿಗೆ ದುಃಖ ಒತ್ತರಿಸಿ ಬಂತು.

ಆಚೆ ಮೇಜಿನಲ್ಲಿ ಲೆಕ್ಕ ಬರೆಯುತ್ತಿದ್ದ ಹುಡುಗಿ ಅರ್ಪಿತ, ಬೆಳಗಿನಿಂದ ಇವರನ್ನು ಯಾರೋ ಎಂದುಕೊಂಡು ಕೂತಿದ್ದವಳು, ತನ್ನ ಮೊಬೈಲು ನೋಡಿ ದಡಕ್ಕನೆ ಎದ್ದಳು.

"ಸಾರ್, ಇದ್ಯಾಕ್ ಮಾದಣ್ಣನ್ ಫೋಟೊ ಆಕಿದೀರಾ?"

"ಮಹದೇವಯ್ಯ ಅಂದ್ರೆ ಅವ್ರೇ ಅಲ್ವೇನಮ್ಮ? ನೀನೂ ಓಂ ಶಾಂತಿ ಅಂದಿದ್ದೆ."

"ಬಸ್ಸಲ್ಲಿ ಎಲ್ರೂ ಮಾದಣ್ಣ ಅಂತ್ಲೇ ಕರ್ಯೋದು. ಯಾವ್ದೋ ಮಹದೇವಯ್ಯ ಅನ್ಕಂಡೆ!" ಆ ಸೀಮೆಯಲ್ಲಿ ಮಹದೇವಯ್ಯಂದಿರಿಗೆ ಬರವೇ? "ಮಾದಣ್ಣ ರಜದ್ ಮೇಲವ್ರೆ ಅಂತಲ್ವಾ ನಾವೆಲ್ಲ… ಮಾದಣ್ಣ ಓಗ್ಬುಟ್ರಾ?"

ಜಯಪ್ರಕಾಶ್ ಬೆಂಚಿನ ಮೇಲಿದ್ದ ತಾಯಿ ಮಗಳ ಕಡೆ ಕೈ ತೋರಿಸಿದ. ಅರ್ಪಿತ ಮರಿತಾಯಮ್ಮನನ್ನು ಈಗ ಸರಿಯಾಗಿ ನೋಡಿದಳು.

"ನಾನು ಓಡ್ಬತ್ತಿದ್ರೆ ಕನ್ನಡಿಲಿ ನೋಡಿ ಬಸ್ ನಿಲ್ಸೋರು ಕಣವ್ವ," ಎನ್ನುತ್ತ ಹತ್ತಿರ ಬಂದು ಅತ್ತುಬಿಟ್ಟಳು. ಅವಳ ಹಿಂದೆ ಬೇರೆ ಬೇರೆ ಮೇಜುಗಳಿಂದ ಇನ್ನೂ ಕೆಲವರು ಮೊಬೈಲು ಹಿಡಿದುಕೊಂಡೇ ಎದ್ದು ಬರುತ್ತಿದ್ದರು.

ಮರಿತಾಯಮ್ಮ ಕಣ್ಣೊರೆಸಿಕೊಂಡು, ಬೆಂಚಿನ ತುದಿಗೆ ಸರಿದು ಜಾಗ ಮಾಡಿದಳು.