ಹೆಗಲಿಗೆ ಬಂದು ಹೋಗುವ ಸೀರೆಗಳು

ಬನಾರಸಿ, ಕಣ್ಣು ಮುಚ್ಚಿಕೊಂಡೇ ಹೇಳಿಯಾಳು, ನಿದ್ದೆಹೋದ ಮಗುವಿನ ಹಾಗೆ ಹೆಗಲಿಗೆ ಪೂರಾ ಭಾರ ಬಿಡುವುದು ಅದೊಂದೇ, ಕಂಚಿಯದಾದರೆ ಸೆಟೆದು ನಿಲ್ಲುತ್ತದೆ, ತಾನು ಬಂದೆನೆಂದು ಸರಭರ ಸದ್ದು ಮಾಡಿ ಹತ್ತು ಜನಕ್ಕೆ ಸಾರುತ್ತದೆ, ಚಂದೇರಿಯೋ, ಇದೆಯೋ ಇಲ್ಲವೋ ಎಂದು ಕೈಯಿಟ್ಟು ನೋಡಿಕೊಳ್ಳಬೇಕು — ಸ್ವಲ್ಪ ಈ ಕಡೆ ತಿರುಗಿ, ಎನ್ನುತ್ತಿದ್ದಾರೆ ಮೇಷ್ಟ್ರು, ತಿರುಗುತ್ತಾಳೆ. ಶಾಲೆಯ ಮೇಷ್ಟ್ರಲ್ಲ, ಈ ಸೀರೆ ಅಂಗಡಿಯ ಸೇಲ್ಸ್‌ಮನ್, ಒಂದೊಂದು ಸೀರೆ ಬಿಚ್ಚುವಾಗಲೂ ಪಾಠ ಹೇಳುತ್ತಾರೆಂದು ಎಲ್ಲರೂ ಸೇರಿ ಇಟ್ಟ ಹೆಸರು, ಪಟೋಲಕ್ಕೆ ನೇಯೋ ಮೊದಲೇ ನೂಲು ಕಟ್ಟಿ ಬಣ್ಣ ಹಾಕ್ತಾರಮ್ಮ, ಒಳಗೂ ಹೊರಗೂ ಒಂದೇ ಮುಖ, ಮನುಷ್ಯರಲ್ಲಿ ಅಂಥೋರು ಸಿಗೋದು ಕಷ್ಟ — ಗಿರಾಕಿಗಳು ನಗುತ್ತಾರೆ, ಎಷ್ಟು ಸಲ ಕೇಳಿದ್ದರೂ ಅವಳೂ ನಗುತ್ತಾಳೆ. ಅವಳ ಕೆಲಸವೇನೋ ಗಿರಾಕಿಗಳು ಗುಡ್ಡೆಹಾಕಿ ಹೋದದ್ದನ್ನು ಮಡಿಸುವುದು, ಜರಿ ಮುರಿಯದ ಹಾಗೆ ಹಳೆಯ ಗೆರೆ ಬಿಟ್ಟು ಹೊಸ ಗೆರೆಯಲ್ಲಿ. ಆದರೆ ಅವಳು ಸೇರಿದ ಹೊಸದರಲ್ಲಿ ಮೇಷ್ಟ್ರು ತಮ್ಮ ಹೆಗಲಿಗೇ ಸೆರಗು ಹಾಕಿಕೊಂಡು ತೋರಿಸುತ್ತಿರುವಾಗ ಯಾರೋ ಹೆಂಗಸು, ಮೀಸೆ ಇರೋರ ಮೇಲೆ ನೋಡಿ ನಾನೇನ್ರೀ ತಿಳ್ಕೊಳ್ಳಲಿ, ಎಂದಳಂತೆ, ಕೂಡಲೇ ಇವಳನ್ನು ಕರೆದು ನಿಲ್ಲಿಸಿದರು, ಅಂದಿನಿಂದ ಯಾವ ಸೀಮೆಯ ಸೀರೆಯಾಗಲಿ ಅವಳ ಎಡಹೆಗಲಲ್ಲಿ ಒಂದು ಗಳಿಗೆ ಕೂತು ಇನ್ನೊಬ್ಬರ ಮನೆಗೆ ಹೋಗುತ್ತದೆ. ಹೊದಿಸುವಾಗ ಮೇಷ್ಟ್ರ ಬೆರಳು ತಾಗುವುದಿಲ್ಲ, ತಾಗದ ಹಾಗೆ ಹೊದಿಸುವುದೂ ಒಂದು ವಿದ್ಯೆಯೇ, ಇವತ್ತೂ ತಾಗಲಿಲ್ಲ ಎಂಬುದನ್ನೇ ನೆನೆಯುತ್ತ ಅವಳು ಮನೆ ಸೇರುತ್ತಾಳೆ.

ಅಂಗಡಿಯಲ್ಲಿ ಎಲ್ಲರಿಗೂ ಅವಳು ಅಕ್ಕ, ಯಜಮಾನರಿಗೆ, ಗಿರಾಕಿಗಳಿಗೆ, ವಯಸ್ಸಿನಲ್ಲಿ ಅವಳಿಗಿಂತ ದೊಡ್ಡವಳಾದ ಗಲ್ಲಾದಲ್ಲಿ ಕೂರುವ ಚಿಕ್ಕಮ್ಮನಿಗೂ. ಮೇಷ್ಟ್ರು ಮಾತ್ರ ಬರೀ ನೀವು, ಇಲ್ಲಿ ಬನ್ನಿ, ಊಟ ಆಯ್ತಾ — ಅಕ್ಕ ಎಂಬ ಆ ಒಂದು ಮಾತನ್ನು ಯಾವತ್ತೂ ಹಚ್ಚಲಿಲ್ಲ, ಹಚ್ಚದೆ ಬಿಟ್ಟ ಆ ಜಾಗದಲ್ಲಿ ಅವಳು ಸದ್ದಿಲ್ಲದೆ ಒಂದು ಮನೆ ಕಟ್ಟಿದ್ದಾಳೆ, ಒಲೆ, ಎರಡು ತಟ್ಟೆ, ತಂತಿಯ ಮೇಲೆ ಒಣಗುವ ಅಂಗಿ. ಯಾರ ಹತ್ತಿರ ಹೇಳುವುದು, ಗಂಡ ಹೋದವಳ ಮನಸ್ಸೂ ಅವನ ಹಿಂದೆಯೇ ಹೋಗಿರುತ್ತದೆಂದು ನಂಬಿರುವ ಅತ್ತಿಗೆಯ ಹತ್ತಿರವೇ. ಮೇಷ್ಟ್ರಿಗೋ ಮದುವೆಯಾಗಿಲ್ಲ, ಮದುವೆ ಸೀರೆ ಮಾರಿ ಮಾರಿ ಸಾಕಾಗಿದೆ ಎನ್ನುವವರು, ಅಂಥವರು ಇವತ್ತು ಬೆಳಿಗ್ಗೆ ಬಂದವರೇ ದನಿ ತಗ್ಗಿಸಿ, ಮಧ್ಯಾಹ್ನ ನನಗೇ ಒಂದು ಸೀರೆ ಬೇಕು, ನೀವು ನಿಂತ್ಕೋಬೇಕು, ಎಂದರಲ್ಲ — ಮೇಷ್ಟ್ರು ಉಡೋದಕ್ಕಾ, ಎಂದು ಚಿಕ್ಕಮ್ಮ ಗಲ್ಲಾದಿಂದಲೇ ನಕ್ಕಳು, ಇವಳು ಹೋಗಿ ಮುಖ ತೊಳೆದು ಬಂದಳು, ಮತ್ತೆ ಹೋಗಿ ತೊಳೆದಳು.

ಬನಾರಸಿ ಇಳಿಯಿತು, ಪೈಠಣಿ ಏರಿತು, ಸೆರಗಿನ ನವಿಲುಗಳು ಅವಳ ಬೆನ್ನ ಮೇಲಿಂದ ಇಳಿಬಿದ್ದವು, ಅದೂ ಬೇಡವಂತೆ — ನಿಮಗೆ ಯಾವುದು ಇಷ್ಟ, ಹೇಳಿ. ಇಷ್ಟು ವರ್ಷ ಅವಳ ಹೆಗಲನ್ನು ಕೇಳಿದವರೇ ಎಲ್ಲರೂ, ಅವಳನ್ನು ಕೇಳಿದವರಿಲ್ಲ. ಇಳಕಲ್ಲು, ಎಂದಿತು ಬಾಯಿ ಅವಳಿಗಿಂತ ಮೊದಲೇ, ಆ ಕಡುನೀಲಿ, ಕೆಂಪು ರೇಷ್ಮೆ ಸೆರಗಿಂದು, ಕೆಳಗಿನ ಸಾಲಲ್ಲಿದೆ — ಯಾರ ಕಣ್ಣಿಗೂ ಬೀಳದಿರಲೆಂದು ಮಡಿಸಿದಾಗಲೆಲ್ಲ ಅಡಿಗೆ ಸೇರಿಸುತ್ತಿದ್ದವಳು ಅವಳೇ. ಮೇಷ್ಟ್ರು ಬಿಚ್ಚುತ್ತ, ಇದರ ಸೆರಗಿಂದು ಬೇರೆ ಹಾಸು, ಮೈಯ ಎಳೆಗೂ ಸೆರಗಿನ ಎಳೆಗೂ ಕೊಂಡಿ ಹಾಕಿ ನೇಯ್ತಾರೆ, ಎನ್ನುತ್ತಿದ್ದಾರೆ, ಗಿರಾಕಿಗೆ ಹೇಳುವ ಹಾಗಲ್ಲ, ಮೆಲ್ಲಗೆ, ಹೊದಿಸಿ ಎರಡು ಹೆಜ್ಜೆ ಹಿಂದೆ ಸರಿದು ನೋಡುತ್ತಾರೆ, ನೋಡುತ್ತಲೇ ಇದ್ದಾರೆ, ಹೀಗೆ ನೋಡಿಸಿಕೊಂಡು ಎಷ್ಟು ಕಾಲವಾಯಿತು — ಒಪ್ಪುತ್ತೆ, ಅವರದೂ ನಿಮ್ಮದೇ ಎತ್ತರ ಅಕ್ಕ, ನಿಮ್ಮದೇ ಬಣ್ಣ, ನಮ್ಮ ದೊಡ್ಡಮ್ಮ ನೋಡಿರೋ ಸಂಬಂಧ, ಈ ವಯಸ್ಸಲ್ಲಿ ಬೇಡ ಅಂದ್ರೂ ಕೇಳಲಿಲ್ಲ.

ಅಕ್ಕ. ಎಷ್ಟು ಸಲೀಸಾಗಿ ಬಂತು. ಒಳ್ಳೇದು ಎನ್ನುತ್ತಾಳೆ, ಒಳ್ಳೇದಾಗ್ಲಿ ಎನ್ನುತ್ತಾಳೆ, ಅಂತೂ ಮೇಷ್ಟ್ರಿಗೂ ಪಾಠ ಹೇಳೋರು ಸಿಕ್ಕರು ಎನ್ನುತ್ತಿದ್ದಾಳೆ ಚಿಕ್ಕಮ್ಮ, ಒಲೆ, ತಟ್ಟೆ, ತಂತಿಯ ಮೇಲಿನ ಅಂಗಿ, ಎಲ್ಲವನ್ನೂ ಎಲ್ಲಿ ಇಡುವುದು ಈಗ, ಮೇಷ್ಟ್ರು ಸೆರಗೆತ್ತುತ್ತಾರೆ, ಎತ್ತಿದ್ದು ಅರ್ಧಕ್ಕೇ ನಿಲ್ಲುತ್ತದೆ — ಅಲ್ಲಾಡಬೇಡಿ, ಪಿನ್ನಿಗೆ ಸಿಕ್ಕೊಂಡಿದೆ. ಅವಳ ಹೆಗಲಿನ ಪಿನ್ನಿಗೆ ಸೆರಗಿನದೊಂದು ಕೆಂಪು ಎಳೆ. ಎಳೆ ಎದ್ದ ಸೀರೆ ಮದುವೆಗೆ ಹೋಗುವುದಿಲ್ಲ, ಮೂಲೆಯ ಅಗ್ಗದ ರಾಶಿಗೆ ಹೋಗುತ್ತದೆ, ಹೆಗಲು ಒಂದಿಷ್ಟು ಕೊಡವಿದರೆ ಸಾಕು, ಒಂದು ಕೆಮ್ಮು ಸಾಕು, ಅವಳ ತಪ್ಪೆಂದು ಯಾರೂ ಅನ್ನುವುದಿಲ್ಲ — ಕೆಂಪು ಎಳೆ — ಕನ್ನಡಕ ಹಣೆಗೇರಿಸಿ ಮೇಷ್ಟ್ರು ಬಗ್ಗಿದ್ದಾರೆ, ಉಗುರಿನಿಂದ ಬಿಡಿಸುತ್ತಿದ್ದಾರೆ, ಉಸಿರು ಅವಳ ಕತ್ತಿಗೆ ಬರುತ್ತಿದೆ, ಇಷ್ಟು ಹತ್ತಿರ ಯಾವತ್ತೂ ಬಂದವರಲ್ಲ, ಅವಳು ಉಸಿರು ಹಿಡಿದು ಕಲ್ಲಿನ ಹಾಗೆ ನಿಂತಿದ್ದಾಳೆ, ಒಂದು ತುದಿ ಅವಳಲ್ಲಿ, ಒಂದು ತುದಿ ಅವರ ಮುಷ್ಟಿಯಲ್ಲಿ, ಬಂತು, ಬಂತು, ಬಿಟ್ಟೇಹೋಗುತ್ತೆ ಎನ್ನುತ್ತಿದ್ದಾರೆ, ಕಡಿಯದಿರಲಿ, ಬಿಡದೆಯೂ ಇರಲಿ, ಬಿಡದಿರಲಿ — ಕೆಂಪು ಎಳೆ, ಬಿಗಿದು ನಿಂತ ಒಂದು ಕೆಂಪು ಎಳೆ