ಮೊಂಡಿ

"ನಿಧಾನ, ಗೋಡೆಗೆ ತಾಗುತ್ತೆ!" ಅಳಿಯ ಕೂಗಿದ. ಹಿತ್ತಿಲ ಬಾಗಿಲಿನಿಂದ ಹೊರಬಂದ ಶವಪೆಟ್ಟಿಗೆ ಮೂಲೆಯಲ್ಲಿ ತಿರುಗಲಾರದೆ ನಿಂತಿತು. ಹೊತ್ತವರ ಕಾಲಬುಡದಲ್ಲೇ ಹೂವಿನ ಪಾತಿ.

"ಅದರ ಮೇಲೇ ಕಾಲಿಡಿ," ಎಂದಳು ಸತ್ತವಳ ತಂಗಿ. "ಆ ಗಿಡ ಏನೂ ಸಾಯಲ್ಲ. ನಮ್ಮಕ್ಕ ಅದನ್ನ ಮೊಂಡಿ ಅಂತಾನೇ ಕರೀತಿದ್ಲು."

ನೀರು ತುಂಬಿದ ದಪ್ಪ ಎಲೆಗಳು ಚಟಚಟನೆ ಮುರಿದವು. ಸತ್ತವಳ ಗಂಡ, ಪೇಂಟರ್ ಮುದುಕ, ಮುಖ ಆಚೆ ತಿರುಗಿಸಿದ.

*

ವರ್ಷಗಳ ಹಿಂದೆ ಆ ಪಾತಿಯ ಜಾಗದಲ್ಲಿ ಅವನಿಗೆ ಏಣಿ, ಬಣ್ಣದ ಡಬ್ಬಗಳನ್ನಿಡಲು ಶೆಡ್ ಬೇಕಿತ್ತು. ಹೆಂಡತಿ ಒಪ್ಪಲಿಲ್ಲ. ಆಸ್ಪತ್ರೆಯ ಲಾಂಡ್ರಿಯಲ್ಲಿ ದಿನವಿಡೀ ರಕ್ತದ ಕಲೆ ಉಜ್ಜಿ ಬಂದವಳು ಸಂಜೆ ಕೂರುತ್ತಿದ್ದುದು ಅಲ್ಲೇ. ಚಳಿಗೆ ನೆಲದವರೆಗೂ ಒಣಗಿದ ಗಿಡ ಮತ್ತೆ ಬುಡದಿಂದ ಚಿಗುರಿದಾಗ, "ಬಂದ್ಯಾ, ಮೊಂಡಿ?" ಎನ್ನುತ್ತಿದ್ದಳು.

ಒಂದು ದಿನ ಅವಳಿಲ್ಲದಾಗ ಅವನು ಕ್ಯಾನ್‌ನಲ್ಲಿದ್ದ, ಬಣ್ಣ ತೆಳುವಾಗಿಸುವ ಥಿನ್ನರನ್ನೆಲ್ಲ ಪಾತಿಗೆ ಸುರಿದ.

ಅವಳು ಬಂದು ಕಪ್ಪಾದ ಎಲೆಗಳನ್ನು ನೋಡಿದಳು. ಜಗಳವಾಡಲಿಲ್ಲ. ಅಂಚಿನಲ್ಲಿ ಉಳಿದಿದ್ದ ಒಂದು ಕಡ್ಡಿಯನ್ನು ಮುರಿದು, ಗಾಯ ಒಣಗಲೆಂದು ಕಿಟಕಿಯಲ್ಲಿಟ್ಟಳು. ಕೆಟ್ಟ ಮಣ್ಣನ್ನೆಲ್ಲ ತೋಡಿ ಎಸೆದು, ಹೊಸ ಮಣ್ಣು, ಮರಳು ಹೊತ್ತು ತಂದು ಮತ್ತೆ ನೆಟ್ಟಳು.

ಗಂಡನೊಡನೆ ಮಾತು ಅಂದೇ ನಿಂತಿತು. "ಊಟಕ್ಕೆ ಬರ್ಬೇಕಂತ ಹೇಳು ನಿಮ್ಮಪ್ಪಂಗೆ," ಎಂದು ಮಗಳಿಗೆ ಹೇಳುತ್ತಿದ್ದಳು. ಮಗಳು ಮದುವೆಯಾಗಿ ಹೋದ ಮೇಲೆ ಊಟಕ್ಕೆ ಕರೆಯಲು ಪಾತ್ರೆಯ ಮುಚ್ಚಳ ಬಡಿದು ಸದ್ದು ಮಾಡುತ್ತಿದ್ದಳು. ಅವನು ಬಂದು ಉಣ್ಣುತ್ತಿದ್ದ. ಶೆಡ್ಡಿನ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ತಪ್ಪಾಯಿತೆಂದೂ ಹೇಳಲಿಲ್ಲ.

*

ಮಣ್ಣು ಮಾಡಿ ಬಂದವರೆಲ್ಲ ಚಹಾ ಕುಡಿದು ಹೊರಟರು. ಮಗಳು ಹಿತ್ತಿಲಿಗೆ ಬಂದಾಗ ಅಪ್ಪ ನೀರು ತುಂಬಿದ ಮಗ್ ಹಿಡಿದು, ತುಳಿದ ಪಾತಿಯ ಮುಂದೆ ನಿಂತಿದ್ದ.

"ಆಸ್ಪತ್ರೇಲಿ ಕೊನೇವರೆಗೂ ನೀನೇ ಇದ್ದೆ," ಎಂದ. "ನನ್ನ ಬಗ್ಗೆ ಏನಾದ್ರೂ ಅಂದ್ಲಾ?"

ಅಮ್ಮ ಯಾರ್ಯಾರನ್ನೋ ವಿಚಾರಿಸಿದ್ದಳು: ತಂಗಿಯನ್ನು, ಲಾಂಡ್ರಿಯ ಗೆಳತಿಯನ್ನು, ಪಕ್ಕದ ಮನೆಯ ಬೆಕ್ಕನ್ನೂ. ಅಪ್ಪನ ಮಾತೆತ್ತಿರಲಿಲ್ಲ. ಮಗಳು ಅಪ್ಪನ ಕೈಲಿದ್ದ ಮಗ್ ನೋಡಿದಳು.

"ಅಂದ್ಲು."

"ಏನಂತ?"

ಮಗಳಿಗೆ ಬೇರೇನೂ ಹೊಳೆಯಲಿಲ್ಲ. "ನೀರು ಜಾಸ್ತಿ ಹಾಕ್ಬೇಡಿ ಅಂತ ಹೇಳು ನಿಮ್ಮಪ್ಪಂಗೆ, ಬೇರು ಕೊಳೆಯುತ್ತೆ ಅಂದ್ಲು."

"ನಂಗೇ ಹೇಳು ಅಂದ್ಲಾ?"

"ಹೂಂ, ಅಪ್ಪ. ನಿಮ್ಗೇ."

ಅವನು ತಲೆಯಾಡಿಸಿದ. ಕೈಲಿದ್ದ ನೀರನ್ನು ಎಲ್ಲಿ ಚೆಲ್ಲಬೇಕೆಂದು ತಿಳಿಯದೆ ಮಗ್ಗನ್ನು ಎರಡೂ ಕೈಯಿಂದ ಎದೆಗೊತ್ತಿಕೊಂಡ. ನೀರು ತುಳುಕಿ ತುಳುಕಿ ಅಂಗಿ ತೋಯುತ್ತಿತ್ತು.