ತಗಡಿನ ಮೇಲಿನ ಗೆರೆಗಳು

ರಾಣಿ ಎಂಬುದು ಅವಳ ಹೆಸರಲ್ಲ. ಒಡೆದ ತಟ್ಟೆ, ಸೀದ ಬಾಣಲೆ, ತುಕ್ಕು ಹಿಡಿದ ಬೀಗ ಎಲ್ಲವನ್ನೂ ಮನೆಗೆ ಹೊತ್ತು ತಂದು ಫೋಟೊ ತೆಗೆಯುತ್ತಿದ್ದ ಮಗಳಿಗೆ ಅಪ್ಪ 'ಗುಜರಿ ರಾಣಿ' ಎಂದು ಅಡ್ಡಹೆಸರಿಟ್ಟಿದ್ದರು. ಬರಬರುತ್ತಾ ಗುಜರಿ ಉದುರಿ ರಾಣಿ ಉಳಿಯಿತು. ಹಗಲೆಲ್ಲ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟು ಕೂರುವವಳಿಗೆ ಏನನ್ನು ನೋಡಿದರೂ ಮೂಗು ತಾಗುವಷ್ಟು ಹತ್ತಿರದಿಂದಲೇ ನೋಡುವ ಚಾಳಿ. ಅಷ್ಟು ಹತ್ತಿರ ಹೋದರೆ ಬಾಣಲೆಯ ತಳ ಹುಣ್ಣಿಮೆಯಾಗುತ್ತದೆ, ಒಣಗಿ ಬಿರಿದ ಸೋಪು ಬೆಟ್ಟವಾಗುತ್ತದೆ. ಆಮೇಲೆ ಅಂಚು ಕತ್ತರಿಸಿ, ಚಿತ್ರವನ್ನು ಅಡ್ಡಕ್ಕೂ ಉದ್ದಕ್ಕೂ ತಿರುಗಿಸಿ, ಮೂಲ ವಸ್ತು ಯಾವುದೆಂದು ಬ್ರಹ್ಮನಿಗೂ ಗೊತ್ತಾಗದಂತೆ ಮಾಡುವುದು ಅವಳ ಪದ್ಧತಿ. ಯಾರು ಕೇಳಿದರೂ ಗುಟ್ಟು ಬಿಡುತ್ತಿರಲಿಲ್ಲ. ಅಪ್ಪ ಕನ್ನಡಕ ಏರಿಸಿ ನೋಡಿ, ತಪ್ಪು ಊಹಿಸಿ, ಸೋತದ್ದಕ್ಕೆ ಮಗುವಿನ ಹಾಗೆ ಖುಷಿಪಡುತ್ತಿದ್ದರು.

ಆ ಅಪ್ಪ ಒಂದೂವರೆ ವರ್ಷದ ಹಿಂದೆ, ಒಂದು ಭಾನುವಾರ ಮಧ್ಯಾಹ್ನ ಬಚ್ಚಲಲ್ಲಿ ಜಾರಿ ಬಿದ್ದು ತೀರಿಕೊಂಡರು. ಒಳಗಿಂದ ಚಿಲಕ ಹಾಕಿತ್ತು. ರಾಣಿ ತಾರಸಿಯ ಮೇಲೆ ಸೀಳು ಬಿಟ್ಟ ಬಕೆಟ್ಟೊಂದರ ನಲವತ್ತೊಂದು ಫೋಟೊ ತೆಗೆಯುವುದರಲ್ಲಿ ಮುಳುಗಿದ್ದಳು. ಹೊರಗೆ ಹೋಗಿದ್ದ ಅಣ್ಣ ಬಂದು, ಬಡಗಿಯನ್ನು ಕರೆಸಿ ಬಾಗಿಲು ತೆಗೆಸಿದ. ಗದ್ದಲ ಕೇಳಿ ಅವಳು ಇಳಿದು ಬರುವಷ್ಟರಲ್ಲಿ ಅಪ್ಪನನ್ನು ಹಾಸಿಗೆಯ ಮೇಲೆ ಮಲಗಿಸಿ ಆಗಿತ್ತು. ಬಿದ್ದ ಏಟಿಗೇ ಹೋಗಿಬಿಟ್ಟಿದ್ದಾರೆ, ಒಂದು ಕ್ಷಣವೂ ನರಳಿಲ್ಲ ಎಂದ ಅಣ್ಣ. ಆ ಒಂದು ಮಾತನ್ನು ಹಿಡಿದುಕೊಂಡೇ ಅವಳು ಇಷ್ಟು ದಿನ ಉಂಡಿದ್ದಳು, ಮಲಗಿದ್ದಳು. ಅಪ್ಪನ ಬೆರಳಲ್ಲಿದ್ದ ತಾಮ್ರದ ಉಂಗುರವನ್ನು ತನ್ನ ಹೆಬ್ಬೆರಳಿಗೆ ಹಾಕಿಕೊಂಡಳು.

ಆಮೇಲೆ ಅಣ್ಣ ಕೀಳಿಸಿದ್ದ ಬಚ್ಚಲ ಬಾಗಿಲು ತಾರಸಿಯ ನೀರಿನ ಟ್ಯಾಂಕಿಗೆ ಒರಗಿ ನಿಂತಿತ್ತು. ನೀರು ಕುಡಿಯದಿರಲೆಂದು ಅದರ ಒಳಮಗ್ಗುಲಿನ ಕೆಳಭಾಗಕ್ಕೆ ತಗಡು ಹೊಡೆದು ಹಸಿರು ಬಣ್ಣ ಬಳಿದಿದ್ದರು. ಆ ಬಣ್ಣದ ಮೇಲೆ ಬೆಳ್ಳಗೆ ಮಿನುಗುವ ಗೆರೆಗಳು. ಬಡಗಿಯ ಹಾರೆ ತಾಗಿದ ಗುರುತಿರಬೇಕು ಅಂದುಕೊಂಡು ರಾಣಿ ಫೋಟೊ ತೆಗೆದಳು. ತಲೆಕೆಳಗು ಮಾಡಿದರೆ ಥೇಟ್ ಮಳೆ, ಮೇಲೆ ದಟ್ಟ, ಕೆಳಗಿಳಿಯುತ್ತಾ ವಿರಳ. 'ಮಳೆ' ಎಂದೇ ಹೆಸರಿಟ್ಟು ಹವ್ಯಾಸಿಗಳ ಸ್ಪರ್ಧೆಗೆ ಕಳಿಸಿದಳು. ಮೊದಲ ಬಹುಮಾನ ಬಂತು.

ಪ್ರದರ್ಶನ ಗ್ರಂಥಾಲಯದ ಸಭಾಂಗಣದಲ್ಲಿ. ಹಿಂದಿನ ದಿನ ಅವಳು ಹೋದಾಗ ಚೌಕಟ್ಟುಗಳನ್ನು ಗೋಡೆಗೆ ಹಾಕುತ್ತಿದ್ದವನು ಅದೇ ಬಡಗಿ. ಅವನು 'ಮಳೆ'ಯ ಮುಂದೆ ನಿಂತುಬಿಟ್ಟಿದ್ದ.

"ಇದು ನಿಮ್ಮನೆ ಬಚ್ಚಲ ಬಾಗಿಲಲ್ವಾ? ತಲೆಕೆಳಗಾಗಿದೆಯಲ್ಲಮ್ಮ."

ಇಷ್ಟು ವರ್ಷದಲ್ಲಿ ಸರಿಯಾಗಿ ಗುರುತು ಹಿಡಿದವನು ಅವನೊಬ್ಬನೇ. ಅವಳಿಗೆ ನಗು ಬಂತು. ಎಲ್ಲ ನಿಮ್ಮ ಹಾರೆಯ ಕೈಚಳಕವೇ ಎಂದು ತಮಾಷೆ ಮಾಡಿದಳು.

"ನಾನು ಹೊರಗಿನಿಂದ ಚಿಲಕ ಎಬ್ಬಿಸಿದ್ದಷ್ಟೇ. ಒಳಗಿನ ತಗಡು ನಾನು ಮುಟ್ಟೇ ಇಲ್ಲ," ಎಂದವನು ಅವಳ ಮುಖ ನೋಡಿ ತಡವರಿಸಿದ. "ನಿಮ್ಮಣ್ಣ ಹೇಳಿರ್ತಾರೆ ಅಂದ್ಕೊಂಡೆ."

ಅವಳ ಕಣ್ಣು ಹೆಬ್ಬೆರಳಿನ ಉಂಗುರಕ್ಕೆ ಹೋಯಿತು. ನೇರ ಲ್ಯಾಬಿಗೆ ಹೋದಳು. ಉಂಗುರದ ಕೆತ್ತನೆಯ ಸಂದಿಯಲ್ಲಿ ಹಸಿರು ಕೂತಿದ್ದದ್ದು ಅವಳಿಗೆ ಗೊತ್ತಿತ್ತು. ತಾಮ್ರವಲ್ಲವೇ, ಕಿಲುಬು ಎಂದುಕೊಂಡಿದ್ದಳು. ಜಗತ್ತಿನ ಕಸವನ್ನೆಲ್ಲ ಹತ್ತಿರದಿಂದ ನೋಡಿದವಳು ಸ್ವಂತ ಬೆರಳನ್ನು ನೋಡಿರಲಿಲ್ಲ. ಸೂಜಿಯಿಂದ ಕೆರೆದು ಗಾಜಿನ ಪಟ್ಟಿಯ ಮೇಲೆ ಉದುರಿಸಿ ಕಣ್ಣಿಟ್ಟಳು. ಕಿಲುಬಾಗಿದ್ದರೆ ಪುಡಿಪುಡಿಯಾಗಿರಬೇಕಿತ್ತು. ಇವು ಚಕ್ಕೆಗಳು, ಒಂದು ಬದಿ ನುಣುಪಾಗಿ ಹೊಳೆಯುತ್ತಿತ್ತು. ಬಾಗಿಲಿನ ಬಣ್ಣ. ಹಿಂದೆ ಯಾರೋ ಸ್ಟೂಲು ಎಳೆದರು, ತಗಡು ಕೆರೆದಂತೆ ಕೇಳಿಸಿತು. ಅವತ್ತಿನಿಂದ ಅವಳಿಗೆ ಎಲ್ಲ ಸದ್ದೂ ಹಾಗೆಯೇ ಕೇಳಿಸತೊಡಗಿತು.

ಸಂಜೆ ಉಂಗುರವನ್ನು ಅಣ್ಣನ ಮುಂದಿಟ್ಟಳು. ಈ ಸಲ ಅವನು ಸುಳ್ಳು ಹೇಳದೆ, ನೆಲ ನೋಡುತ್ತಾ ಮಾತಾಡಿದ.

"ಏಳೋಕೆ ಆಗಿಲ್ಲ ಅವರಿಗೆ. ಬಿದ್ದಲ್ಲಿಂದಲೇ ಕೈ ಚಾಚಿದಾರೆ."

"ಎಷ್ಟು ಹೊತ್ತು?"

"ಗೊತ್ತಿಲ್ಲ. ನೀನು ಮೇಲೇ ಇದ್ದೆ, ರಾಣಿ. ಹೇಳಿದ್ದರೆ ನೀನು ಬದುಕ್ತಿದ್ದೆಯಾ?"

ಅವಳು ಕ್ಯಾಮೆರಾ ತೆಗೆದು ಬಕೆಟ್ಟಿನ ನಲವತ್ತೊಂದು ಚಿತ್ರಗಳನ್ನು ನೋಡಿದಳು. ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಒಂದು ಗಂಟೆ ಹತ್ತು ನಿಮಿಷ. ಅಣ್ಣ ಕ್ಯಾಮೆರಾ ಕಸಿದುಕೊಂಡು ಮಗುಚಿಟ್ಟ. ಅವನ ಮೇಲೆ ಸಿಟ್ಟು ಬರಲಿಲ್ಲ. ಒಂದೂವರೆ ವರ್ಷ ಒಬ್ಬನೇ ಆ ಸದ್ದನ್ನು ಕೇಳುತ್ತಾ ಮಲಗಿದ್ದನಲ್ಲ ಅನ್ನಿಸಿತು.

ಮರುದಿನ ಜನ ಬರುವ ಮುಂಚೆ ರಾಣಿ ಬಡಗಿಗೆ ಹೇಳಿ 'ಮಳೆ'ಯನ್ನು ನೆಟ್ಟಗೆ ತಿರುಗಿಸಿ ಹಾಕಿಸಿದಳು. ಈಗ ಗೆರೆಗಳು ಬುಡದಲ್ಲಿ ದಟ್ಟವಾಗಿದ್ದವು. ಮೇಲೆ ಹೋಗುತ್ತಾ ಒಂದೊಂದಾಗಿ ಸೋತು ನಿಂತಿದ್ದವು. ಒಂದೇ ಒಂದು ಗೆರೆ, ತೀರಾ ಸಣ್ಣದು, ತಗಡಿನ ಮೇಲಂಚಿನವರೆಗೂ ಹೋಗಿತ್ತು. ಬಾಗಿಲಿನಲ್ಲಿ ಚಿಲಕ ಅದಕ್ಕಿಂತ ಇನ್ನೂ ಎರಡು ಅಡಿ ಮೇಲಿತ್ತು.

ಚಿತ್ರ ಈಗ ಇನ್ನೂ ಚೆನ್ನಾಗಿದೆ ಎಂದರು ತೀರ್ಪುಗಾರರು. ಅವಳ ಮೈ ಉರಿಯಿತು, ಏಕೆಂದರೆ ಅದು ನಿಜವಾಗಿತ್ತು. ಕನ್ನಡಕದ ಮುದುಕರೊಬ್ಬರು ಚಿತ್ರಕ್ಕೆ ಮೂಗು ತಾಗಿಸುವಷ್ಟು ಬಗ್ಗಿ ನೋಡಿ, ಹುಲ್ಲೇ ಎಂದರು, ಅಲ್ಲದಿದ್ದರೆ ಗಿಡದ ಬೇರೇ ಎಂದರು. ಸೋಲೊಪ್ಪಿಕೊಂಡು ಅವಳತ್ತ ತಿರುಗಿ ನಕ್ಕರು.

"ನೀವೇ ಹೇಳಿಬಿಡಿ, ಏನಮ್ಮ ಇದು?"

ರಾಣಿ ಹೆಬ್ಬೆರಳಿನ ಉಂಗುರವನ್ನು ಮುಷ್ಟಿಯೊಳಗೆ ಬಿಗಿಹಿಡಿದಳು. ಅವತ್ತು ಮೊದಲ ಸಲ ಅವಳು ಗುಟ್ಟು ಬಿಟ್ಟಳು.

"ನಮ್ಮಪ್ಪ ನನ್ನನ್ನ ಕರೆದಿದ್ದು," ಎಂದಳು.